ಹಳ್ಳದ ದಂಡೆಯ ಜೇಕು

ಹೊಂಗಿಹಾಳ, ಅಂಚೆ ಮೋರಟಗಿ, ತಾಲೂಕು ಸಿಂದಗಿ
೨೦ ಸೆಪ್ಟೆಂಬರ್ ೧೯೫೯, ರವಿವಾರ

ಪ್ರೀತಿಯ ತಂಗಿ ಜೋಹರಾ,

ನಿನಗೂ ಮನೆಯವರೆಲ್ಲರಿಗೂ ನಿನ್ನ ಅಣ್ಣನ ಸಲಾಂ. ಮಗಳು ಅಬಿದಾ ಹೇಗಿದ್ದಾಳೆ, ಕೂಸಿಗೆ ಹಾಲು ಸಾಕಾಗುತ್ತಿದೆಯೇ ಎಂಬುದನ್ನು ಮೊದಲು ಬರೆ. ಬಾಣಂತಿಗೆ ನಳದ ನೀರನ್ನು ಕಾಯಿಸದೆ ಕೊಡಬೇಡ. ಸೊಲ್ಲಾಪುರದ ನೀರು ನೋಡಲು ತಿಳಿಯಾಗಿರುತ್ತದೆ, ಅಷ್ಟೇ. ನಿನ್ನ ಯಜಮಾನರು ಅಬ್ದುಲರಜಾಕ ಅವರ ಕೆಮ್ಮು ಗಿರಣಿಯ ಅರಳೆಯ ಧೂಳಿನಿಂದ ಬಂದದ್ದು, ಪುಡಿ ತಾಯಿತಗಳಿಂದ ಹೋಗುವಂಥದಲ್ಲ. ದೊಡ್ಡ ದವಾಖಾನೆಯಲ್ಲಿ ಎದೆ ತೋರಿಸಲಿ ಎಂದು ನಾನು ಹೇಳಿದೆನೆಂದು ಹೇಳು. ಇಲ್ಲಿ ನಾನು, ನಿನ್ನ ಅತ್ತಿಗೆ ಇಬ್ಬರೂ ನಡೆದಾಡಿಕೊಂಡು ಇದ್ದೇವೆ. ನನ್ನ ಕಣ್ಣಿನ ಚಾಳೀಸಿನ ಒಂದು ಕಾಲು ಮುರಿದು ದಾರ ಕಟ್ಟಿಕೊಂಡಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ನಗಬೇಡ. ಮಳೆ ಈ ಸಲ ಒಳ್ಳೆಯದಾಗಿದೆ. ಹಿಂಗಾರಿ ಜೋಳಕ್ಕೆ ಎಲ್ಲರೂ ಹೊಲ ಹದ ಮಾಡುತ್ತಿದ್ದಾರೆ, ಸಾಲಿಗೆ ಅರ್ಧ ಮಕ್ಕಳೂ ಬರುತ್ತಿಲ್ಲ.

ನಿನ್ನ ಕಾರ್ಡು ಬಂದು ಎಂಟು ದಿನವಾಯಿತು. ಅಮ್ಮ ಹೋದ ಸುದ್ದಿಯ ತಾರು ಎರಡು ದಿನ ತಡವಾಗಿ ಮುಟ್ಟಿದ್ದಕ್ಕೆ ನೀನು ನನ್ನನ್ನು ಬೈದಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ವೇಳೆಗೆ ಮುಟ್ಟಿದ್ದರೂ ಹಸಿ ಬಾಣಂತಿಯನ್ನು ಬಿಟ್ಟು ನೀನು ಹೊರಡುವಂತಿರಲಿಲ್ಲ, ನಮ್ಮಲ್ಲಿ ಮಣ್ಣು ಮಾಡುವುದು ಸಂಜೆಯ ತನಕ ಕಾಯುವುದೂ ಇಲ್ಲ. ಆ ಇಡೀ ಕಾರ್ಡಿನಲ್ಲಿ ನೀನು ಕೇಳಿದ್ದು ಒಂದೇ ಮಾತು: "ಅಮ್ಮಾನ ಮ್ಯಾಲ ಆಕೀ ಚಾಪೀನ ಹಾಕಿದ್ರಿಲ್ಲೊ ಅಣ್ಣಾ?" ಇಲ್ಲ ಜೋಹರಾ, ಹಾಕಲಿಲ್ಲ. ಹಾಕಲು ಚಾಪೆ ಇರಲಿಲ್ಲ. ಚಾಪೆ ಹೆಣೆಯುವ ಹುಲ್ಲು, ಹಳ್ಳದ ಆ ಜೇಕೇ ಹೋಗಿ ಹದಿನೈದು ತಿಂಗಳಾಗಿತ್ತು. ಇಷ್ಟು ದಿನ ನಿನಗೆ ಬರೆದ ಕಾಗದಗಳಲ್ಲಿ ಮಳೆ ಬರೆದೆ, ಜೋಳದ ಧಾರಣೆ ಬರೆದೆ, ಪತ್ರಿಕೆಯಲ್ಲಿ ಓದಿದ ದಿಲ್ಲಿಯ ಸುದ್ದಿಯನ್ನೂ ಬರೆದೆ, ಇದೊಂದನ್ನು ಬರೆಯಲಿಲ್ಲ. ಇವತ್ತು ಬರೆಯುತ್ತೇನೆ. ಉದ್ದವಾದರೆ ಸಹಿಸಿಕೋ, ಕೂಸು ಮಲಗಿದಾಗ ಓದು.

ಆ ಜೇಕನ್ನು ಅಮ್ಮ ಯಾಕೆ ನೆಟ್ಟಳು ಎಂಬುದು ನಿನಗೆ ಪೂರ್ತಿ ತಿಳಿದಿಲ್ಲ, ಯಾಕೆಂದರೆ ನೀನು ಹುಟ್ಟಿದ್ದು ಅದರ ಮರುವರ್ಷ. ಇನ್‌ಫ್ಲುಯೆಂಜಾ ಬಂದ ಸಾಲು ಅದು, ೧೯೧೮. ನನಗೆ ಹನ್ನೊಂದು ತುಂಬಿತ್ತು. ಒಂದೊಂದು ದಿನ ನಾಲ್ಕು ನಾಲ್ಕು ಹೆಣ ಎದ್ದವು. ನಿನಗಿಂತ ಮೊದಲು ನಮಗೊಬ್ಬ ತಮ್ಮನಿದ್ದ, ನಬಿಸಾಬ. ನಾಲ್ಕು ವರ್ಷದವನು, ಅವನೂ ಹೋದ. ಸತ್ತವರನ್ನು ಇಳಿಸಿ ಮೇಲೆ ಹಲಗೆ ಜೋಡಿಸಿ, ಹಲಗೆಯ ಮೇಲೆ ಚಾಪೆ ಹಾಸಿ, ಆಮೇಲೆ ಮಣ್ಣು ಎಳೆಯುವುದು ನಮ್ಮಲ್ಲಿಯ ಪದ್ಧತಿ. ಆ ವರ್ಷ ಸಂತೆಯಲ್ಲಿ ಚಾಪೆಗಳೂ ಮುಗಿದಿದ್ದವು, ತರಲು ಹೋಗುವ ಗಂಡಸರೂ ಹಾಸಿಗೆ ಹಿಡಿದಿದ್ದರು. ಅಪ್ಪ ಹಲಗೆಯ ಮೇಲೆ ಬರಿ ಮಣ್ಣನ್ನೇ ಎಳೆದ. ನಾನು ಪಕ್ಕದಲ್ಲಿ ನಿಂತಿದ್ದೆ. ಎರಡು ಹಲಗೆಗಳ ಸಂದಿಯಿಂದ ಒಣ ಎರೆಮಣ್ಣು ಹಿಟ್ಟು ಜರಡಿ ಹಿಡಿದ ಹಾಗೆ ಕೆಳಗೆ ಇಳಿಯುತ್ತಿತ್ತು. ಮನೆಗೆ ಬಂದಾಗ ಅಮ್ಮ ಕೇಳಿದಳು, ಎಲ್ಲ ಸರಿಯಾಗಿ ಆಯಿತೇ ಎಂದು. ಹೆಂಗಸರು ಅಲ್ಲಿಗೆ ಹೋಗುವುದಿಲ್ಲವಲ್ಲ, ಆಕೆಗೆ ನೋಡಲು ಇದ್ದದ್ದು ನನ್ನ ಕಣ್ಣು ಮಾತ್ರ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟೆ: "ನಬಿ ಮಾರಿ ಮ್ಯಾಲ ಮಣ್ಣು ಬಿತ್ತು, ಅಮ್ಮಾ." ಅಪ್ಪ ನನ್ನ ಕಿವಿ ಹಿಂಡಿದ. ಅಮ್ಮ ಅಳಲಿಲ್ಲ. ಮೂರು ದಿನ ಮುಖ ತೊಳೆಯಲಿಲ್ಲ.

ಮುಂದಿನ ಮಳೆಗಾಲ, ನೀನು ಹೊಟ್ಟೆಯಲ್ಲಿ ಇದ್ದಾಗಲೇ, ಆಕೆ ತವರಿಗೆ ಹೋಗಿ ಭೀಮಾ ದಂಡೆಯ ಮಡುವಿನಿಂದ ಜೇಕಿನ ಬುಡಗಳನ್ನು ಕಿತ್ತು, ಹಳೆಯ ಸೀರೆಯಲ್ಲಿ ಒದ್ದೆಯಾಗಿ ಸುತ್ತಿಕೊಂಡು, ಚಕ್ಕಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಆಮೇಲಿನದು ನಿನಗೆ ಗೊತ್ತು, ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಹಳ್ಳದಲ್ಲಿ ಬೇಸಿಗೆಗೂ ನೀರು ಪೂರ್ತಿ ಬತ್ತದ ಜಾಗ ಒಂದೇ, ಹೊಂಗೆಯ ಮರಗಳು ಎರಡೂ ಕಡೆಯಿಂದ ಬಾಗಿ ತಲೆ ಕೂಡಿಸಿದ್ದ ಆ ತಿರುವು. ಕಾಲು ಇಟ್ಟರೆ ಮಣ್ಣು ಹುಗಿಯಬೇಕು, ಆದರೆ ನೀರು ನಿಂತಿರಬಾರದು, ಅಂಥ ಕಡೆ ಗೇಣಿಗೊಂದು ಬುಡ ಇಟ್ಟಳು. ಮೊದಲ ಎರಡು ವರ್ಷ ಕುಡುಗೋಲು ಮುಟ್ಟಿಸಲಿಲ್ಲ. ದನ ಇಳಿಯದಂತೆ ಜಾಲಿಯ ಮುಳ್ಳು ಒಟ್ಟಿದಳು. ನೆರಳಿನಲ್ಲಿ ಬೆಳೆದ ಕಡ್ಡಿ ಎದೆಯುದ್ದ ಎದ್ದು ಮೆತ್ತಗೆ ಬಾಗುತ್ತದೆ, ಬಿಸಿಲಿಗೆ ಸಿಕ್ಕಿದ್ದು ಗಿಡ್ಡಗಾಗಿ ಹಳದಿಯಾಗಿ ಮುರಿಯುತ್ತದೆ ಎಂದು ನೀನೇ ನನಗೆ ಕೈಯಲ್ಲಿ ಹಿಡಿದು ತೋರಿಸಿದ್ದೀ. ಹೂ ತೆನೆ ಬಿಡುವ ಮೊದಲು ಮೂರರಲ್ಲಿ ಒಂದು ಪಾಲು ಮಾತ್ರ ಕೊಯ್ಯುವುದು, ನೆರಳಿನಲ್ಲೇ ಒಣಗಿಸುವುದು, ಪುಂಡಿಯ ನಾರಿನಲ್ಲಿ ಹೆಣೆಯುವುದು. ನೀನೂ ಅಮ್ಮನೂ ಆಕೆಯ ಗೆಳತಿ ಲಕ್ಕವ್ವನೂ ಮೊಳಕಾಲ ತನಕ ಸೀರೆ ಎತ್ತಿ ಕಟ್ಟಿ ಆ ಕೆಸರಿನಲ್ಲಿ ನಿಂತಿರುತ್ತಿದ್ದಿರಿ. ನಾನು ದಂಡೆಯ ಮೇಲೆ ಕೂತು ಪತ್ರಿಕೆ ಓದಿ ಹೇಳುತ್ತಿದ್ದೆ. ಲಕ್ಕವ್ವ ನನ್ನನ್ನು ನೋಡಿ, "ಮಾಸ್ತರ ಕಾಲಿಗೆ ಕೆಸರ ಹತ್ತಿದ್ರ ಅಕ್ಷರ ಅಳಸ್ತಾವೇನ್ರಿ?" ಎಂದು ಚಾಷ್ಟಿ ಮಾಡುತ್ತಿದ್ದಳು. ನೀನು ನಕ್ಕು ನಕ್ಕು ಒಮ್ಮೆ ಕುಡುಗೋಲಿನ ಸಮೇತ ನೀರಿಗೆ ಬಿದ್ದಿದ್ದೀ. ಅಂತೂ ಅಲ್ಲಿಂದ ಮೂವತ್ತೆಂಟು ವರ್ಷ ನಮ್ಮ ಊರಿನಲ್ಲಿ ಯಾವ ಮುಸಲ್ಮಾನನ ಮುಖದ ಮೇಲೂ ಮಣ್ಣು ಬೀಳಲಿಲ್ಲ. ಅಮ್ಮ ಒಂದು ಚಾಪೆಗೂ ಒಂದು ಕಾಸು ತೆಗೆದುಕೊಂಡವಳಲ್ಲ.

ತನ್ನದೆಂದು ಒಂದು ಚಾಪೆಯನ್ನು ಆಕೆ ಹೆಣೆದು ಅಟ್ಟದ ಮೇಲೆ ಬೇವಿನೆಲೆ ಹಾಕಿ ಸುತ್ತಿಟ್ಟಿದ್ದಳು. ಅಂಚಿಗೆ ಬಣ್ಣ ಹಾಕಿದ ಪುಂಡಿಯ ದಾರ ಇತ್ತು, ನೀನು ನೋಡಿದ್ದೀ. ೧೯೫೭ರ ಮಾರ್ಚಿನಲ್ಲಿ ಪಿಂಜಾರ ಗೈಬುಸಾಬ ತೀರಿಕೊಂಡ. ಅದಕ್ಕೆ ವಾರದ ಮೊದಲು ಇನ್ನೊಂದು ಮನೆಗೆ ಒಂದು ಚಾಪೆ ಹೋಗಿತ್ತು, ಮನೆಯಲ್ಲಿ ಬೇರೆ ಉಳಿದಿರಲಿಲ್ಲ. ಅಮ್ಮ ಅಟ್ಟದಿಂದ ತನ್ನದನ್ನೇ ಇಳಿಸಿಕೊಟ್ಟಳು. ನಿನ್ನ ಅತ್ತಿಗೆ ಬೇಡವೆಂದು ಕೈ ಹಿಡಿದಳು. ಅಮ್ಮ ಹೇಳಿದ್ದು ಇಷ್ಟು: "ಇಡೀ ಊರಿಗಿ ಅರಳಿ ಹಿಂಜಿ ಗಾದಿ ತುಂಬಿಕೊಟ್ಟಾಂವ. ಬರೇ ಹಲಗಿ ಮ್ಯಾಲ ಮಲಗಸ್ತೀರೇನು? ನನಗೇನು ಅವಸರಿಲ್ಲ. ಎರಡು ಮಳಿಗಾಲ ಬಿಡ್ರಿ, ಇನ್ನೊಂದು ಆಕ್ಕೈತಿ." ಆ ವರ್ಷ ಆಕೆ ಒಂದು ಕಡ್ಡಿಯನ್ನೂ ಕೊಯ್ಯಲಿಲ್ಲ. ರೇವಪ್ಪನ ಹೊಲದ ಬದುವಿನ ಕೆಳಗೆ, ನೆರಳು ದಟ್ಟವಾಗಿದ್ದ ಕಡೆ, ಹೊಸದಾಗಿ ಇಪ್ಪತ್ತು ಮಾರು ಉದ್ದ ಬುಡ ಒಡೆದು ನೆಟ್ಟಳು. ಅರವತ್ತೆಂಟು ವರ್ಷದ ಮುದುಕಿ, ಜೋಹರಾ. ಆ ಮಳೆಗಾಲ ಅದು ಹಸುರು ಗೋಡೆಯ ಹಾಗೆ ಎದ್ದು ನಿಂತಿತ್ತು.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಹೊಲದಲ್ಲಿ ಬೆಳೆಯುವ ಇನ್ನೊಂದು ಜೇಕು ಇದೆಯಲ್ಲ, ನೆಲದಡಿ ಗಂಟು ಗಂಟು ಗಡ್ಡೆ ಬಿಟ್ಟು ಜೋಳವನ್ನೇ ತಿಂದುಹಾಕುವಂಥದು. ಅಮ್ಮ ಅದನ್ನು ಗಡ್ಡಿ ಜೇಕು ಅನ್ನುತ್ತಿದ್ದಳು, ತನ್ನದನ್ನು ಚಾಪಿ ಜೇಕು. ಊರಿನ ಒಕ್ಕಲಿಗರ ಬಾಯಲ್ಲಿ ಎರಡೂ ಬರಿ ಜೇಕು. ಹೊಲಗಳಲ್ಲಿ ಅದು ಹಬ್ಬಿ ಜನ ಸೋತು ಹೋಗಿದ್ದರು. ೧೯೫೮ರ ಆರಂಭದಲ್ಲಿ ಊರವರ ಅರ್ಜಿಯೊಂದು ಮೇಲಕ್ಕೆ ಹೋಯಿತು. ಮೇ ತಿಂಗಳಲ್ಲಿ ಜೇಕು ನಿರ್ಮೂಲನದ ಶ್ರಮದಾನ ಎಂದು ಡಂಗುರ ಸಾರಿಸಿದರು. ಹೊಸ ಗ್ರಾಮಸೇವಕ ಬಸಂತರಾಯ, ಇಪ್ಪತ್ತಮೂರು ವರ್ಷದವನು, ಬಿಳಿ ಟೊಪ್ಪಿಗೆ, ಸೈಕಲ್ಲು, ಕೈಯಲ್ಲಿ ಕಾಗದ. ಆ ದಿನ ಅಮ್ಮ ಊರಲ್ಲಿರಲಿಲ್ಲ. ಹೂವಿನ ಹಿಪ್ಪರಗಿಯಲ್ಲಿ ನಮ್ಮ ನೆಂಟರ ಹುಡುಗಿ ಸಗೀರಾಳ ಮದುವೆಗೆಂದು ನಿನ್ನ ಅತ್ತಿಗೆಯೊಡನೆ ಹೋಗಿದ್ದಳು. ನಾನು ಸಾಲಿಯ ಕೆಲಸಕ್ಕೆ ಸಿಂದಗಿಗೆ ಹೋಗಿದ್ದೆ. ಅರವತ್ತು ಜನ ಗುದ್ದಲಿ ತೆಗೆದುಕೊಂಡು ಇಳಿದು ಬೆಳಿಗ್ಗೆ ಹೊಲದಲ್ಲಿ ಎರಡು ತಾಸು ಅಗೆದರು. ಹೊಲದ ಗಡ್ಡೆ ಎರಡು ಮೊಳ ಆಳ, ಬಿಸಿಲಿಗೆ ನೆಲ ಕಲ್ಲಾಗಿತ್ತು, ಬರಲಿಲ್ಲ. ಹಳ್ಳದ ದಂಡೆಯ ಮಣ್ಣು ಮೆತ್ತಗಿತ್ತು, ಅಲ್ಲಿ ಸಲೀಸಾಗಿ ಬಂತು. ಮಧ್ಯಾಹ್ನದ ಹೊತ್ತಿಗೆ ಅಷ್ಟನ್ನೂ ಬುಡಸಮೇತ ಎಬ್ಬಿಸಿ, ಬಿಸಿಲಿಗೆ ಹರವಿ, ಸಂಜೆಗೆ ಬೆಂಕಿ ಇಟ್ಟರು. ಗಾಳಿ ಬೆಳಕು ಆಡಲಿ ಎಂದು ಹೊಂಗೆಯ ಕೆಳಗಿನ ಟೊಂಗೆಗಳನ್ನೂ ಕಡಿದರು. ಬಸವನ ಬಾಗೇವಾಡಿಯಿಂದ ಒಬ್ಬ ಫೋಟೋದವನು ಬಂದಿದ್ದನಂತೆ. ರಾಶಿಯ ಮುಂದೆ ನಿಂತು ತೆಗೆಸಿಕೊಂಡರಂತೆ. ಹೊಲದ ಜೇಕು ಆ ಮಳೆಗೆ ಮತ್ತೆ ಎದ್ದು ನಿಂತಿತು, ಇವತ್ತೂ ನಿಂತಿದೆ.

ನಾನು ಬಸಂತರಾಯನ ಮೇಲೆ ಹರಿಹಾಯ್ದೆ. ಎಂಥ ಸರಕಾರ ಇದು, ಬೇರೆ ಮಾಡಿ ನೋಡುವ ಕಣ್ಣಿಲ್ಲದೆ ಬರಿ ಹೆಸರು ಹಿಡಿದು ಕೀಳುವಂಥದು ಎಂದು ಚಾವಡಿಯಲ್ಲಿ ನಿಂತು ಕೂಗಾಡಿದೆ. ಅವನು ಪಾಪ, ಮೂರು ಮೂಲೆಯ ಕಡ್ಡಿಯೊಂದನ್ನು ಬೆರಳಿನಲ್ಲಿ ತಿರುವುತ್ತ, "ಮಾಸ್ತರ, ಕಡ್ಡಿ ಮೂರು ಮೂಲಿ ಇದ್ರ ಜೇಕು ಅಂತ ನಮ್ಮ ಟ್ರೇನಿಂಗಿನ್ಯಾಗ ಹೇಳ್ಯಾರ್ರಿ. ಇದೂ ಮೂರು ಮೂಲಿನ ಐತಲ್ರಿ" ಎಂದ. ನಲವತ್ತು ವರ್ಷದ ಹಿಂದೆ ಇದೇ ಹಳ್ಳದ ಹೂಳು ತೆಗೆಸಿದ ಬ್ರಿಟಿಷರ ಕಾಲದ ಮಾಮಲೇದಾರನೊಬ್ಬ ಊರಿನ ಹೆಂಗಸರನ್ನು ಕರೆಸಿ ಕೇಳಿ ಕೆಲಸಕ್ಕೆ ಕೈ ಹಾಕಿದ್ದ, ನನಗೆ ನೆನಪಿದೆ; ಈಗ ನಮ್ಮದೇ ರಾಜ್ಯ, ಕೇಳುವವರಿಲ್ಲ. ಮುಂಬಯಿ ಹೋಗಿ ಮೈಸೂರು ಬಂದರೂ ಕಾಗದದಲ್ಲಿ ಬಂದದ್ದೇ ಸತ್ಯ. ಮೂರು ತಕರಾರು ಅರ್ಜಿ ಕಳಿಸಿದೆ. ಒಂದಕ್ಕೂ ಉತ್ತರವಿಲ್ಲ.

ಅಮ್ಮ ಮದುವೆಯಿಂದ ಬಂದವಳು ಮನೆಗೂ ಬರದೆ ನೇರ ಹಳ್ಳಕ್ಕೆ ಹೋದಳು, ದಾರಿಯಲ್ಲೇ ಯಾರೋ ಹೇಳಿದ್ದರು. ಬೂದಿಯಲ್ಲಿ ಕೈ ಹಾಕಿ ಹುಡುಕಿದಳು. ಸುಡದೆ ಉಳಿದ ಬುಡಗಳು ಒಂದು ಉಡಿಯಷ್ಟು ಸಿಕ್ಕವು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಆಕೆ ಅವನ್ನು ಲಕ್ಕವ್ವನ ಮನೆಯ ಬಾನಿಯಲ್ಲಿ ನೀರಿಗೆ ಹಾಕಿಟ್ಟು, ಮೊದಲ ಮಳೆಗೆ ಮತ್ತೆ ಅದೇ ತಿರುವಿನಲ್ಲಿ ನೆಟ್ಟಳು. ಆದರೆ ನೆರಳೇ ಇರಲಿಲ್ಲವಲ್ಲ. ಬಿಸಿಲು ನೇರ ಬೀಳುತ್ತಿತ್ತು. ಕಡ್ಡಿ ಮೊಳದುದ್ದ ಬಂದು ಅಲ್ಲಿಗೇ ಹಳದಿಯಾಗಿ ನಿಂತಿತು. ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದಳು. ಹಳೆಯ ಸೀರೆಯೊಂದನ್ನು ಕೋಲುಗಳಿಗೆ ಕಟ್ಟಿ ನೆರಳು ಮಾಡಿದಳು, ಗಾಳಿ ಅದನ್ನು ಹರಿದುಹಾಕಿತು. ಹೊಂಗೆ ಚಿಗುರಿ ಟೊಂಗೆ ಬಾಗಲು ಇನ್ನೂ ನಾಲ್ಕೈದು ವರ್ಷ ಬೇಕೆಂದು ಆಕೆಗೂ ಗೊತ್ತಿತ್ತು, ತನಗೆ ಅಷ್ಟು ದಿನ ಇಲ್ಲವೆಂದೂ ಗೊತ್ತಿತ್ತು. ಸಂತೆಯಿಂದ ಒಂದು ಚಾಪೆ ತಂದಿಡುತ್ತೇನೆ ಎಂದೆ. ಬೇಡವೆಂದು ತಲೆ ಅಲ್ಲಾಡಿಸಿದಳು. ಆಕೆಯ ಮನಸ್ಸಿನಲ್ಲಿ ಏನಿತ್ತೋ, ಕೇಳುವ ಧೈರ್ಯ ನನಗಾಗಲಿಲ್ಲ.

ಈ ಜುಲೈಯಲ್ಲಿ ಉಬ್ಬಸ ಹೆಚ್ಚಾಗಿ ಕೂತಲ್ಲೇ ಕೂತಳು. ಆಗ ಲಕ್ಕವ್ವನ ಕೈಲಿ ಆ ಗಿಡ್ಡ ಕಡ್ಡಿಗಳನ್ನೇ ಕೊಯ್ಯಿಸಿ ತರಿಸಿಕೊಂಡು ಹೆಣೆಯಲು ತೊಡಗಿದಳು. ಮುರಿದರೆ ಮತ್ತೊಂದು ಸೇರಿಸುವಳು. ತಿಂಗಳು ಹೆಣೆದದ್ದು ಎಷ್ಟು ಗೊತ್ತೇ, ಒಂದು ಮೊಳ ಉದ್ದ, ಒಂದು ಮೊಳ ಅಗಲ. ಲಕ್ಕವ್ವ, "ಇದೇನ ಬೇ ಇಮಾಮಬಿ, ಬೆಕ್ಕಿಗಿ ಹಾಸಾಕ ಬೇಕೇನು?" ಎಂದು ನಗಿಸಲು ನೋಡಿದಳು. ಅಮ್ಮ ನಕ್ಕಳು, ನಿಜವಾಗಿ ನಕ್ಕಳು. ಆಮೇಲೆ ಹೇಳಿದಳು: "ಮಾರಿಗಷ್ಟು ಸಾಕ್ ಬಿಡಽ."

ಆಗಸ್ಟ್ ಇಪ್ಪತ್ತೆಂಟು, ಶುಕ್ರವಾರ, ಬೆಳಗಿನ ನಮಾಜಿನ ನಂತರ ಹೋದಳು. ನೋವು ಬಹಳ ಪಡಲಿಲ್ಲ. ನಿನ್ನ ಹೆಸರು ತೆಗೆದಳು, ಅಬಿದಾಳಿಗೆ ಗಂಡೋ ಹೆಣ್ಣೋ ಎಂದು ಕೇಳಿದಳು. ಹೆರಿಗೆಯಾದ ನಿನ್ನ ಕಾರ್ಡು ಇನ್ನೂ ಬಂದಿರಲಿಲ್ಲ, ಹೆಣ್ಣು ಎಂದು ನಾನೇ ಹೇಳಿದೆ. ಸುಳ್ಳಾಗಲಿಲ್ಲ. ಜುಮ್ಮಾ ಮುಗಿಸಿ ಮಣ್ಣು ಮಾಡಿದೆವು. ನಾನೇ ಕೆಳಗೆ ಇಳಿದು ಆಕೆಯನ್ನು ಇಸಗೊಂಡೆ; ಇಷ್ಟು ಹಗುರಾಗಿದ್ದಳೆಂದು ನನಗೆ ಗೊತ್ತಿರಲಿಲ್ಲ. ಹಲಗೆ ಜೋಡಿಸಿದ ಮೇಲೆ ಮುಖದ ಮೇಲಿನ ಸಂದಿಗೆ ಆ ಮೊಳದ ಚಾಪೆ ಹಾಸಿದೆ. ಉಳಿದದ್ದಕ್ಕೆ ರೇವಪ್ಪ ತನ್ನ ಮನೆಯಿಂದ ಗೊಬ್ಬರದ ಖಾಲಿ ಗೋಣಿಚೀಲಗಳನ್ನು ತಂದುಕೊಟ್ಟ. ಶ್ರಮದಾನದ ದಿನ ಗುದ್ದಲಿ ಹಿಡಿದವರಲ್ಲಿ ಅವನೂ ಒಬ್ಬ. ಗೋಣಿಯ ಮೇಲೆ ಮಣ್ಣು ಬಿದ್ದರೆ ಬೇರೆ ಸಪ್ಪಳ. ಚಾಪೆಯ ಮೇಲೆ ಬಿದ್ದದ್ದು ಕೇಳಿಸುವುದೇ ಇಲ್ಲ. ಐವತ್ತೆರಡು ವರ್ಷದ ನನಗೆ ಅದು ಆ ದಿನವೇ ತಿಳಿದದ್ದು.

ಇನ್ನೇನು ಬರೆಯಲಿ. ಲಕ್ಕವ್ವ ದಿನಾ ಬಂದು ಹಿತ್ತಲಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಾಳೆ. ಹಳ್ಳದ ತಿರುವಿನಲ್ಲಿ ಇನ್ನೂ ನಲವತ್ತು ಬುಡ ಜೀವ ಹಿಡಿದುಕೊಂಡಿವೆ. ಮೇಲ್ಗಡೆ, ಹಳೆಯ ಅತ್ತಿಯ ಮರದ ಬುಡದಲ್ಲಿ ಒಂದಿಷ್ಟು ನೆರಳಿದೆ, ತೇವವೂ ಇದೆ. ಚಳಿ ಬೀಳುವುದರೊಳಗೆ ಅಲ್ಲಿಗೆ ಸಾಗಿಸಿದರೆ ಬದುಕ್ಯಾವು ಎಂದು ಆಕೆ ಅನ್ನುತ್ತಾಳೆ. ಆಕೆಗೆ ಸೊಂಟ ಹಿಡಿದಿದೆ, ಕೆಸರಿಗೆ ಇಳಿಯಲಾರಳು. ನಾನು ಇಳಿಯಬೇಕೆಂದಿದ್ದೇನೆ. ನಿನ್ನ ಅತ್ತಿಗೆ ನಿನಗೆ ದುವಾ ಹೇಳಿದ್ದಾಳೆ. ಅಬಿದಾಳ ಕೂಸಿಗೆ ನೂರು ವರ್ಷ ಆಯುಷ್ಯವಾಗಲಿ, ಮನೆ ತುಂಬ ನಡೆದಾಡಲಿ. ಅಬ್ದುಲರಜಾಕ ಅವರಿಗೆ ಸಲಾಂ ತಿಳಿಸು. ನಿನ್ನ ಆರೋಗ್ಯ ನೋಡಿಕೋ. ನೀನು ಅಳುವಾಗ ಊಟ ಬಿಡುವವಳು, ಬಿಡಬೇಡ.

ನಿನ್ನ ಅಣ್ಣ,
ಶಮಶುದ್ದೀನ

ತಾ.ಕ.: ಸೋಮವಾರ ಬೆಳಿಗ್ಗೆ. ಟಪ್ಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲಿನದೆಲ್ಲ ನಿಜ, ಆದರೆ ಒಂದು ಬಿಟ್ಟಿದ್ದೇನೆ. ಊರವರ ಅರ್ಜಿ ಅಂದೆನಲ್ಲ, ಅದನ್ನು ಬರೆದವನು ನಾನು. ರೇವಪ್ಪ ಬಂದು ಹೊಲದಾಗಿನ ಜೇಕು ತಗಸಾಕ ಒಂದು ಅರ್ಜಿ ಬರದು ಕೊಡ್ರಿ ಎಂದ. ಹೊಲ ಅಂತಷ್ಟೇ ಹೇಳಿದ. "ಹೊಲ, ಬದು, ಹಳ್ಳದ ದಂಡೆ, ಎಲ್ಲಿಯೂ ಬಿಡದಂತೆ ಬೇರುಸಹಿತ" ಎಂದು ನಾನು ಬರೆದೆ. ವಾಕ್ಯ ಚೆನ್ನಾಗಿ ಕೂಡಿತೆಂದು ಬರೆದೆ ಜೋಹರಾ, ಬೇರೆ ಕಾರಣವಿಲ್ಲ. ಚಾವಡಿಯಲ್ಲಿ ನಾನು ಕೂಗಾಡುವಾಗ ಬಸಂತರಾಯನ ಕೈಯಲ್ಲಿದ್ದದ್ದು ಅದೇ ಕಾಗದ. ಆ ಹುಡುಗ ನನ್ನ ಮಾನ ಉಳಿಸಿ ಸುಮ್ಮನಿದ್ದ. ಅಮ್ಮ ಅದನ್ನು ತರಿಸಿಕೊಂಡು ನನ್ನಿಂದಲೇ ಓದಿಸಿದಳು. ಪೂರ್ತಿ ಓದಿದೆ, ಕೆಳಗಿನ ನನ್ನ ಹೆಸರು ಬಿಟ್ಟು. "ಬರದಾಂವಗ ಹಳ್ಳದ ದಂಡಿ ಯಾಕ ನೆನಪಾತು?" ಎಂದಳು. ನಾನು ಕಾಗದ ಮಡಿಸಿ ಕೈಗೆ ಕೊಟ್ಟೆ. ಅಂದಿನಿಂದ ಆಕೆ ನನ್ನಿಂದ ಏನನ್ನೂ ಓದಿಸಿಕೊಳ್ಳಲಿಲ್ಲ, ನಿನ್ನ ಕಾಗದಗಳನ್ನೂ ಬೇರೆಯವರ ಹತ್ತಿರ ಒಯ್ಯುತ್ತಿದ್ದಳು. ಇದನ್ನು ಓದಿ ನನಗೆ ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡ. ಒಂದು ಕಾರ್ಡಿನಲ್ಲಿ ಇಷ್ಟು ಮಾತ್ರ ತಿಳಿಸು: ಬುಡ ಒಡೆದು ನೆಡುವಾಗ ಬೇರನ್ನು ಎಷ್ಟು ಬೆರಳು ಆಳ ಇಡಬೇಕು? ಲಕ್ಕವ್ವ ಮೂರು ಅನ್ನುತ್ತಾಳೆ, ಮತ್ತೆ ನಾಲ್ಕು ಅನ್ನುತ್ತಾಳೆ. ಅಮ್ಮ ಇಡುವಾಗ ನಾನು ಒಂದು ದಿನವೂ ನೋಡಲಿಲ್ಲ.